ಪೇಂಟರ್ ಲೆಕ್ಕ ಬಣ್ಣದ ಕಂಪನಿ ಹತ್ರ ಇದೆ, ಸರ್ಕಾರದ ಹತ್ರ ಇಲ್ಲ

"ಗ್ವಾಡಿಗಿ ಬಣ್ಣಾ ಹಚ್ಚಾಕ ಲೈಸನ್ಸ್ ಯಾಕ್ ಬೇಕೋ ತಮ್ಮಾ? ಗಾಡಿ ಹೊಡ್ಯಾಕ ಬೇಕು, ಬಂದೂಕ ಇಟ್ಕೊಳ್ಳಾಕ ಬೇಕು."

ನಮ್ಮೂರು ಗೊಳಸಂಗಿಯ ಪೇಂಟರ್ ಕಾಕಾ ಹೀಗಂದು ನಕ್ಕರು. ಸುಣ್ಣದಿಂದ ಶುರು ಮಾಡಿ, ಡಿಸ್ಟೆಂಪರ್ ದಾಟಿ, ಎಮಲ್ಷನ್‌ಗೆ ಬಂದವರು ಅವರು. ನಾಲ್ಕೈದು ಹುಡುಗರನ್ನು ಕಟ್ಟಿಕೊಂಡು ಚದರಡಿ ಲೆಕ್ಕದಲ್ಲಿ ಮನೆ ಹಿಡೀತಾರೆ. ಅವರೇ ಗುತ್ತಿಗೆದಾರ, ಅವರೇ ಕೂಲಿ. ಬ್ರಷ್ ಹಿಡಿಯದ ದಿನ ಅವರಿಗೂ ಪಗಾರ ಇಲ್ಲ.

ಕಾನೂನಿನ ಲೆಕ್ಕದಲ್ಲಿ ಕಾಕಾ ಹೇಳಿದ್ದು ಸರಿ. ಅದೇ ಮನೆಗೆ ವೈರಿಂಗ್ ಮಾಡಿಸಿ ಹೆಸ್ಕಾಂ ಕನೆಕ್ಷನ್ ಕೇಳಿದರೆ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರ ಸಹಿ ಬೇಕು. ಸರ್ಕಾರಿ ಶಾಲೆಗೆ ಬಣ್ಣ ಹಚ್ಚುವ ಟೆಂಡರ್ ಹಿಡಿಯಬೇಕಂದ್ರೆ ಲೋಕೋಪಯೋಗಿ ಇಲಾಖೆಯಲ್ಲಿ ಗುತ್ತಿಗೆದಾರನಾಗಿ ನೋಂದಣಿ ಇರಬೇಕು. ಆದರೆ ಖಾಸಗಿ ಮನೆಗೆ ಬಣ್ಣ ಹಚ್ಚೋದಕ್ಕೆ ಕರ್ನಾಟಕದಲ್ಲಿ ಯಾವ ಪರವಾನಗಿಯೂ ಬೇಡ. ಒಂದು ಏಣಿ, ಎರಡು ರೋಲರ್, ನಾಲ್ಕು ಮಂದಿ ಪರಿಚಯ ಇದ್ರೆ ಸಾಕು. ಹಳ್ಳಿಯಲ್ಲಿ ಭೂಮಿ ಇಲ್ಲದ ಹುಡುಗನಿಗೆ ಯಾರ ಅಪ್ಪಣೆಯೂ ಇಲ್ಲದೆ ಸಿಗುವ ಕೆಲವೇ ಕಸುಬುಗಳಲ್ಲಿ ಇದೊಂದು. ಹಾಗಾಗಿ "ಲೈಸೆನ್ಸ್ ಕಡ್ಡಾಯ ಮಾಡಿ" ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಮೊದಲು ಬರೋದು ಅನುಮಾನವೇ.

ಆದರೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾರಣ ನಮ್ಮ ಮನೆಯಲ್ಲೇ ಆದದ್ದು. ಅಕ್ಕನ ಮದುವೆಗೆ ಬಣ್ಣ ಹಚ್ಚಿಸುವಾಗ ಕಾಕಾನ ಜೊತೆಗಿದ್ದ ಒಬ್ಬ ಹುಡುಗ ಬಿದಿರ ಏಣಿಯಿಂದ ಜಾರಿ ಅಂಗಳದ ಕಲ್ಲಿನ ಮೇಲೆ ಬಿದ್ದ. ಮಣಿಕಟ್ಟು ಮುರೀತು. ಆಸ್ಪತ್ರೆ ಖರ್ಚಿನಲ್ಲಿ ಒಂದಿಷ್ಟನ್ನು ಅಪ್ಪ "ಮನುಷ್ಯತ್ವ" ಅಂತ ಕೊಟ್ಟರು, ಉಳಿದದ್ದು ಕಾಕಾನ ತಲೆಗೆ ಬಂತು. ಹುಡುಗ ಮನೆಯಲ್ಲಿ ಕೂತ ತಿಂಗಳುಗಳಿಗೆ ಲೆಕ್ಕವೇ ಇಲ್ಲ. ಮುಂದಿನ ಮಳೆಗಾಲದಲ್ಲಿ ಹಿಂದಿನ ಗೋಡೆಯ ಪುಟ್ಟಿ ಪದರಪದರವಾಗಿ ಎದ್ದಾಗ ಅಪ್ಪ ಬೈದದ್ದು ಕಾಕಾನನ್ನೇ. ಹಸಿ ಗೋಡೆಗೆ ಅವಸರ ಮಾಡಿಸಿದ್ದು ನಾವು. ಅದನ್ನು ಹೇಳೋಕೆ ಕಾಕಾನ ಹತ್ತಿರವೂ ಕಾಗದ ಇರಲಿಲ್ಲ, ಕೇಳೋಕೆ ನಮ್ಮ ಹತ್ತಿರವೂ ಬಿಲ್ ಇರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಜಿಲ್ಲಾ ಆಯೋಗಕ್ಕೆ ಹೋಗಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಏನನ್ನು ತೋರಿಸಿ ಹೋಗೋದು?

ಗೊಳಸಂಗಿಯವರಿಗೆ ಇದರ ಇನ್ನೊಂದು ಮುಖವೂ ಗೊತ್ತು. ಪಕ್ಕದಲ್ಲೇ ಕೂಡಗಿಯ ಎನ್‌ಟಿಪಿಸಿ ಸ್ಥಾವರವಿದೆ. 800 ಮೆಗಾವ್ಯಾಟ್‌ನ ಮೂರು ಘಟಕ, ಒಟ್ಟು 2,400 ಮೆಗಾವ್ಯಾಟ್. ಕಾಕಾ ಕೆಲಕಾಲ ಅಲ್ಲಿ ಒಬ್ಬ ಸಬ್ ಗುತ್ತಿಗೆದಾರರ ಕೈಕೆಳಗೆ ಬಣ್ಣದ ಕೆಲಸ ಮಾಡಿದವರು. "ಅಲ್ಲಿ ಬೆಲ್ಟ್ ಇಲ್ಲದ ಮ್ಯಾಲ ಹತ್ತಸಂಗಿಲ್ಲ. ಹೆಲ್ಮೆಟ್ ಇಲ್ಲಂದ್ರ ಗೇಟಿನಾಗ ನಿಲ್ಲಸ್ತಾರ" ಅಂತಾರೆ. ಗೇಟ್ ಪಾಸ್, ಪಿಎಫ್ ನಂಬರ್, ಹಾಜರಿ ಪುಸ್ತಕ ಎಲ್ಲಾ ಇತ್ತು. ಗೇಟಿನ ಈಚೆ ಬಂದು ಅದೇ ಮನುಷ್ಯ ಅದೇ ಎತ್ತರಕ್ಕೆ ಲುಂಗಿ ಕಟ್ಟಿಕೊಂಡು ಹತ್ತುತ್ತಾರೆ. ಕೈ ಅದೇ, ಕಸುಬು ಅದೇ. ಬದಲಾಗಿದ್ದು ಕೆಲಸ ಕೊಟ್ಟವರು ಯಾರು ಅನ್ನೋದು ಮಾತ್ರ.

ಕಾನೂನು ಬರೆದಿರೋದೇ ಹಾಗೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ 20 ಅಥವಾ ಹೆಚ್ಚು ಜನರನ್ನು ಇಟ್ಟುಕೊಂಡ ಗುತ್ತಿಗೆದಾರನಿಗೆ ಲೈಸೆನ್ಸ್ ಬೇಕಿತ್ತು. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತಲ್ಲ, ಅದರಲ್ಲಿ ಈ ಮಿತಿ 50ಕ್ಕೆ ಏರಿದೆ. ಐವತ್ತು ಪೇಂಟರ್‌ಗಳನ್ನು ಇಟ್ಟುಕೊಂಡ ಗುತ್ತಿಗೆದಾರನನ್ನು ನಮ್ಮ ಕಡೆ ದುರ್ಬೀನು ಹಾಕಿ ಹುಡುಕಬೇಕು. ಇನ್ನೊಂದು ಬದಲಾವಣೆ ಅಷ್ಟು ಸುದ್ದಿಯಾಗಲಿಲ್ಲ. ಸ್ವಂತ ವಾಸದ ಮನೆಗೆ ಕಟ್ಟಡ ಕಾರ್ಮಿಕರ ಸೆಸ್ ವಿನಾಯಿತಿ ಮೊದಲು 10 ಲಕ್ಷದವರೆಗಿನ ವೆಚ್ಚಕ್ಕೆ ಇತ್ತು, ಹೊಸ ಸಂಹಿತೆಯಲ್ಲಿ ಅದು 50 ಲಕ್ಷ. ಪೇಂಟರ್‌ಗಳ ಕಲ್ಯಾಣ ಮಂಡಳಿ ನಡೆಯೋದು ಈ ಸೆಸ್ ಹಣದಿಂದಲೇ. ಮಧ್ಯಮ ವರ್ಗದ ಮನೆಗಳೆಲ್ಲ ಅದರಿಂದ ಹೊರಬಿದ್ದರೆ ತುಂಬೋರು ಯಾರು?

ಹಾಗಿದ್ರೆ ಬೇರೆ ಕಡೆ ಹೇಗೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1,000 ಡಾಲರ್ ಅಥವಾ ಹೆಚ್ಚಿನ ಕೆಲಸ ಹಿಡಿಯುವ ಪೇಂಟಿಂಗ್ ಗುತ್ತಿಗೆದಾರನಿಗೆ ಸಿ-33 ಅನ್ನುವ ಲೈಸೆನ್ಸ್ ಬೇಕು. ನಾಲ್ಕು ವರ್ಷದ ಅನುಭವ ತೋರಿಸಬೇಕು, 25,000 ಡಾಲರ್‌ನ ಬಾಂಡ್ ಇಡಬೇಕು. ಕೆಲಸಗಾರರಿದ್ದರೆ ಅಪಘಾತ ವಿಮೆ ಕಡ್ಡಾಯ. ಕೆಲಸ ಕೆಟ್ಟರೆ ಮನೆಯವರು ಆ ಬಾಂಡ್ ಮೇಲೆ ಹಕ್ಕು ಕೇಳಬಹುದು, ಕೂಲಿ ಸಿಗದಿದ್ದರೆ ಕೆಲಸಗಾರನೂ ಕೇಳಬಹುದು. ಈ ಕೊನೆಯ ಮಾತು ನನಗೆ ಮುಖ್ಯ ಅನ್ಸುತ್ತೆ. ಅಲ್ಲಿ ಲೈಸೆನ್ಸ್ ಬರೀ ಬಾಗಿಲಲ್ಲ, ಅದರ ಹಿಂದೆ ಹಣ ಇದೆ. ಅದನ್ನು ಹಾಗೇ ತಂದು ಇಲ್ಲಿ ಹಾಕಿದರೆ ಏನಾಗುತ್ತೆ ಅಂತ ನಿಮಗೂ ಗೊತ್ತು: ಏಜೆಂಟ್ ಒಬ್ಬ ಹುಟ್ಟಿಕೊಳ್ತಾನೆ, ಲೈಸೆನ್ಸ್ ಒಬ್ಬರ ಹೆಸರಲ್ಲಿ, ಏಣಿ ಇನ್ನೊಬ್ಬರ ಹೆಗಲ ಮೇಲೆ.

ಗುರುತು ಕೊಡೋ ವಿಷಯದಲ್ಲಿ ನಮ್ಮ ಸರ್ಕಾರಗಳು ಪೇಂಟರ್ ಅನ್ನು ಕಂಡಂತೆಯೇ ಇಲ್ಲ. ಐಟಿಐನಲ್ಲಿ ಪೇಂಟರ್ ಅನ್ನೋ ಎರಡು ವರ್ಷದ ಟ್ರೇಡ್ ಇದೆ, ಆದರೆ ಗೋಡೆಗೆ ಬಣ್ಣ ಹಚ್ಚುವವರಲ್ಲಿ ಅಲ್ಲಿಂದ ಬಂದ ಒಬ್ಬರನ್ನೂ ನಾನು ನಮ್ಮೂರಲ್ಲಿ ನೋಡಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಗೌಂಡಿ ಇದ್ದಾರೆ, ಬಡಿಗ ಇದ್ದಾರೆ, ಹೂಮಾಲೆ ಕಟ್ಟೋರೂ ಇದ್ದಾರೆ. 15,000 ರೂಪಾಯಿಯ ಸಲಕರಣೆ, ಕಡಿಮೆ ಬಡ್ಡಿಯ ಸಾಲ ಅವರಿಗೆ. ಗೌಂಡಿ ಕಟ್ಟಿದ ಅದೇ ಗೋಡೆಗೆ ಬಣ್ಣ ಹಚ್ಚೋರು ಆ ಪಟ್ಟಿಯಲ್ಲಿಲ್ಲ.

ಇನ್ನು ದೇಹದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪೇಂಟರ್ ಕೆಲಸವನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. 2017ರ ನವೆಂಬರ್‌ನಿಂದ ನಮ್ಮಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರುವಂತಿಲ್ಲ ಅನ್ನೋ ನಿಯಮ ಇದೆ, ಒಳ್ಳೆಯದೇ. ಆದರೆ ಅದು ಹೊಸ ಡಬ್ಬಿಗೆ. ಹಳೇ ವಾಡೆಯ ಬಾಗಿಲಿನ ಆಯಿಲ್ ಪೇಂಟನ್ನು ಪಾಲೀಶ್ ಪೇಪರಿನಲ್ಲಿ ತಿಕ್ಕಿ ಆ ಧೂಳು ಕುಡಿಯೋ ಹುಡುಗನ ಮೂಗಿಗೆ ಒಂದು ಟವೆಲ್ ಅಷ್ಟೇ ರಕ್ಷಣೆ.

ಕಾಕಾ ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಿದ್ದಾರೆ. ಅದಕ್ಕೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಕಟ್ಟಡದ ಕೆಲಸವನ್ನೇ ಮಾಡದವರೂ ಕಾರ್ಡ್ ಮಾಡಿಸಿಕೊಂಡ ಪ್ರಕರಣಗಳು ಬಂದ ಮೇಲೆ ತಪಾಸಣೆ ಬಿಗಿಯಾಗಿದೆ, ಆಗಬೇಕಾದ್ದೇ. ಆದರೆ ಮನೆಗೊಂದು ವಾರದಂತೆ ಹದಿನೈದು ಮನೆ ಮಾಡಿದವರು ಯಾರಿಂದ ಬರೆಸಿಕೊಳ್ಳಬೇಕು? ಹದಿನೈದು ಮಾಲಕರಿಂದಲೇ?

ಇದನ್ನೇ ಮಾತಾಡ್ತಾ ಇರುವಾಗ ಕಾಕಾ ಹೊಸ ಡಬ್ಬಿಯ ಮುಚ್ಚಳ ತೆಗೆದು, ಒಳಗಿದ್ದ ಕೂಪನ್ ಒರೆಸಿ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರು. ಅವರ ಹೆಸರು, ಊರು, ಫೋನ್ ನಂಬರ್, ಯಾವ ದಿನ ಎಷ್ಟು ಲೀಟರ್ ಡಬ್ಬಿ, ಎಷ್ಟು ಪಾಯಿಂಟ್ — ಎಲ್ಲಾ ಆ ಆ್ಯಪ್‌ನಲ್ಲಿದೆ. ದೊಡ್ಡ ಕಂಪನಿಗಳೆಲ್ಲ ಇದನ್ನು ನಡೆಸ್ತವೆ. ಸೀಸನ್ ಚೆನ್ನಾಗಿದ್ರೆ ಮಿಕ್ಸರ್ ಬರುತ್ತೆ, ಪ್ರವಾಸ ಬರುತ್ತೆ. ಆಗ ಹೊಳೆದದ್ದು ನನಗೆ. ಕರ್ನಾಟಕದ ಪೇಂಟರ್‌ಗಳ ನೋಂದಣಿ ಆಗಲೇ ನಡೆದಿದೆ. ಊರೂರಿನ ಪಟ್ಟಿ ಇದೆ, ದಿನದಿನದ ಲೆಕ್ಕ ಇದೆ. ಅದು ಇರೋದು ಮಾರಾಟ ಹೆಚ್ಚಿಸೋಕೆ. ಬಿದ್ದವನ ಕೈ ಕಟ್ಟಿಸೋಕೆ ಅಲ್ಲ.

2025ರಲ್ಲಿ ಇದೇ ಕರ್ನಾಟಕ ಗಿಗ್ ಕಾರ್ಮಿಕರಿಗೆ ಕಾಯ್ದೆ ತಂದಿತು. ಪ್ಲಾಟ್‌ಫಾರ್ಮ್ ಕಂಪನಿಗಳು ಕಾರ್ಮಿಕರ ಪಟ್ಟಿ ಕೊಡಬೇಕು, ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟಬೇಕು. ಡೆಲಿವರಿ ಹುಡುಗರಿಗೆ ಸಾಧ್ಯವಾದದ್ದು ಪೇಂಟರ್‌ಗೆ ಯಾಕಾಗಲ್ಲ? ಪ್ರತಿ ಡಬ್ಬಿಯ ಮೇಲೆ ಒಂದು ಸಣ್ಣ ಶುಲ್ಕ, ಅದರಿಂದ ಸ್ಕ್ಯಾನ್ ಮಾಡಿದವನಿಗೂ ಅವನ ಹುಡುಗರಿಗೂ ಅಪಘಾತ ವಿಮೆ. ಅದೇ ಸ್ಕ್ಯಾನ್ ದಾಖಲೆ 90 ದಿನದ ಪುರಾವೆಯಲ್ಲೊಂದು ಆಗಲಿ. ಬ್ರಷ್ ಹಿಡಿಯೋನಿಗೆ ಪರೀಕ್ಷೆ ಬೇಡ. ಕೆಲಸದ ಗುತ್ತಿಗೆ ಹಿಡಿಯೋನು ಪಂಚಾಯಿತಿಯಲ್ಲಿ ಹೆಸರು ಬರೆಸಲಿ, ಶಾಲಾ ಸರ್ಟಿಫಿಕೇಟ್ ಕೇಳದೆ. ಮನೆಯವರು ಒಂದು ಹಾಳೆಯ ಒಪ್ಪಂದಕ್ಕೆ ಸಹಿ ಹಾಕಲಿ: ಎಷ್ಟು ಚದರಡಿ, ಎಷ್ಟು ಕೋಟ್, ದುಡ್ಡು ಯಾವಾಗ, ಯಾರಾದ್ರೂ ಬಿದ್ದರೆ ಯಾರು. ಕಂಪನಿಗಳು ಶುಲ್ಕವನ್ನು ಡಬ್ಬಿಯ ಬೆಲೆಗೇ ಸೇರಿಸುತ್ತವೆ ಅನ್ನೋದು ಗೊತ್ತು. ಸೇರಿಸಲಿ. ಅಪ್ಪ ಅವತ್ತು ಮನುಷ್ಯತ್ವ ಅಂತ ಕೊಟ್ಟ ದುಡ್ಡಿಗಿಂತ ಅದು ಕಡಿಮೆಯೇ ಬೀಳುತ್ತೆ.

ಇದನ್ನೆಲ್ಲ ಹೇಳಿದಾಗ ಕಾಕಾ ಅರ್ಧ ಕೇಳಿದರು. "ಅದೆಲ್ಲಾ ಬರೋ ಮುಂದ ಬರಲಿ, ಈಗ ಇದಕ್ಕ ಒಂದ್ ಸಹಿ ಮಾಡು" ಅಂತ ಕಿಸೆಯಿಂದ ಮಡಚಿದ ಹಾಳೆ ತೆಗೆದರು. ಕಾರ್ಡ್ ನವೀಕರಣಕ್ಕೆ ನಮ್ಮ ಮನೆಯಲ್ಲಿ ಎಷ್ಟು ದಿನ ಕೆಲಸ ಮಾಡಿದರು ಅಂತ ಬರೆದುಕೊಡಬೇಕಿತ್ತು. ಹನ್ನೊಂದು ದಿನ ಅಂತ ಬರೆದೆ. ಇನ್ನೂ ಎಪ್ಪತ್ತೊಂಬತ್ತು ದಿನಕ್ಕೆ ಅವರು ಬೇರೆ ಮನೆಗಳ ಬಾಗಿಲು ತಟ್ಟಬೇಕು.