ವೋಲ್ಟೇಜ್ ಕಡಿಮೆ ಬಂದರೆ ಕರೆಂಟ್ ಬಿಲ್ ಹೆಚ್ಚಾಗುತ್ತದೆಯೇ?

"ವೋಲ್ಟೇಜ್ ಡಿಮ್ ಐತಿ, ಈಗ ಹೀಟರ್ ಹಚ್ಚಬ್ಯಾಡ್ರಿ, ಕರೆಂಟ್ ಜಾಸ್ತಿ ಎಳೀತದ" ಎಂಬ ಮಾತು ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಹೊಸದಲ್ಲ. ನಳಕ್ಕೆ ನೀರು ಬಂದ ದಿನ ಓಣಿಯವರೆಲ್ಲ ಒಮ್ಮೆಲೇ ಪಂಪ್ ಹಚ್ಚಿದಾಗ ಈ ಮಾತು ಇನ್ನಷ್ಟು ಕೇಳಿಬರುತ್ತದೆ. ಗೃಹಜ್ಯೋತಿ ಬಂದ ಮೇಲೆ ಯೂನಿಟ್ ಲೆಕ್ಕದ ಚಿಂತೆಯೂ ಜೊತೆಗೆ ಸೇರಿದೆ. 2022-23ರ ಸರಾಸರಿ ಬಳಕೆಯ ಆಧಾರದ ಮೇಲೆ ಮನೆಗಳಿಗೆ ಉಚಿತ ಮಿತಿ ಹಾಕಲಾಗಿದೆ. ಆ ಮಿತಿ ಮೀರಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಹಾಗಾದರೆ ಡಿಮ್ ವೋಲ್ಟೇಜಿನಿಂದ ನಿಜವಾಗಿಯೂ ನಷ್ಟವಿದೆಯೇ?

ಉತ್ತರಕ್ಕೆ ಹತ್ತನೇ ತರಗತಿಯ ಎರಡು ಸೂತ್ರಗಳು ಸಾಕು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ ಸಿಗುತ್ತದೆ, ಅದರ ಅಳತೆ ಓಮ್. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಸಾಮರ್ಥ್ಯ ಸಿಗುತ್ತದೆ, ಅದರ ಅಳತೆ ವ್ಯಾಟ್. ಮೊದಲನೆಯದು ಜರ್ಮನಿಯ ಗಿಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಿಂದ ಬಂದದ್ದು.

ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವ ಹುಡುಗರ ಬಾಡಿಗೆ ಕೋಣೆಗಳಲ್ಲಿ ಬಕೆಟ್‌ಗೆ ಇಳಿಬಿಡುವ ಕಾಯಿಲ್ ಹೀಟರ್ ಸಾಮಾನ್ಯ. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೇಲೆ 230 ವೋಲ್ಟ್, 1500 ವ್ಯಾಟ್ ಎಂದು ಬರೆದಿದ್ದರೆ ಕರೆಂಟ್ 1500 ÷ 230, ಅಂದರೆ ಸುಮಾರು 6.5 ಆಂಪಿಯರ್. ರೋಧ 230 ÷ 6.5, ಸುಮಾರು 35 ಓಮ್. ಹೀಟರ್ ತಂತಿಯ ರೋಧ ಬಿಸಿಗೆ ಹೆಚ್ಚೇನೂ ಬದಲಾಗುವುದಿಲ್ಲ. ಹಾಗಾಗಿ ವೋಲ್ಟೇಜ್ 180ಕ್ಕೆ ಇಳಿದಾಗ ಕರೆಂಟೂ 5.1 ಆಂಪಿಯರ್‌ಗೆ ಇಳಿಯುತ್ತದೆ. ಸಾಮರ್ಥ್ಯ 180 × 5.1, ಸುಮಾರು 918 ವ್ಯಾಟ್. ಅಂದರೆ ಹೀಟರ್ ಜಾಸ್ತಿ ಎಳೆಯುವುದಿಲ್ಲ, ಕಡಿಮೆಯೇ ಎಳೆಯುತ್ತದೆ.

ಹಾಗಂತ ಉಳಿತಾಯವೂ ಇಲ್ಲ. 20 ಲೀಟರ್ ನೀರನ್ನು 22 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಬೇಕಾಗುವುದು ಸುಮಾರು 0.53 ಯೂನಿಟ್. 230 ವೋಲ್ಟಿನಲ್ಲಿ ಇದು 21 ನಿಮಿಷದ ಕೆಲಸ, 180 ವೋಲ್ಟಿನಲ್ಲಿ 35 ನಿಮಿಷ. ಕಾಯುವ ಹೊತ್ತಿನಲ್ಲಿ ಗಾಳಿಗೆ ಹೋಗುವ ಶಾಖದಿಂದ ಬಳಕೆ ತುಸು ಹೆಚ್ಚಬಹುದು, ಅಷ್ಟೇ. ನಿಜವಾದ ನಷ್ಟ ಬೇರೆ ಕಡೆ ಇದೆ: ಪೂರ್ಣ ವೋಲ್ಟೇಜಿನಲ್ಲಿ ಇದೇ ಕಾಯಿಲ್ ದಿನಕ್ಕೆ 40 ನಿಮಿಷ ಉರಿದರೆ 1 ಯೂನಿಟ್, ತಿಂಗಳಿಗೆ 30. ನೀರು ಕುದಿಯುವವರೆಗೆ ಬಿಟ್ಟು ಆಮೇಲೆ ತಣ್ಣೀರು ಬೆರೆಸುವುದು ಅವಸರದ ಅಭ್ಯಾಸ. ಲೆಕ್ಕದಲ್ಲಿ ಮಾತ್ರ ಅದು ದುಬಾರಿಯೇ.

ನಂಬದಿದ್ದರೆ ಮೀಟರನ್ನೇ ನೋಡಬಹುದು. ಡಿಜಿಟಲ್ ಮೀಟರಿನ ಕೆಂಪು ದೀಪ ಪ್ರತಿ ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತದೆ ಎಂಬುದು ಅದರ ಮೇಲೆಯೇ ಇರುತ್ತದೆ. ಅದು 3200 ಎಂದಿದ್ದು, ಮನೆಯ ಉಳಿದೆಲ್ಲ ಬಂದ್ ಮಾಡಿ ಹೀಟರ್ ಮಾತ್ರ ಹಚ್ಚಿದರೆ ನಿಮಿಷಕ್ಕೆ 80 ಸಲ ಮಿನುಗಬೇಕು. 180 ವೋಲ್ಟ್ ಇದ್ದರೆ 49 ಸಲ.

ಹಾಗಾದರೆ ಹಿರಿಯರ ಮಾತು ಪೂರ್ತಿ ಸುಳ್ಳೇ? ಅಲ್ಲ. ಅದು ಮೋಟರಿನ ಅನುಭವದಿಂದ ಹುಟ್ಟಿದ ಮಾತು, ಹೀಟರಿಗೆ ಅಂಟಿಕೊಂಡಿದೆ ಎಂಬುದು ನಮ್ಮ ಅಭಿಪ್ರಾಯ. ಪಂಪಿನ ಮೇಲೆ ನೀರೆತ್ತುವ ಭಾರ ಹಾಗೆಯೇ ಇರುತ್ತದೆ. ವೋಲ್ಟೇಜ್ ಕುಸಿದಾಗ ಅದು ಅದೇ ಕೆಲಸಕ್ಕೆ ಹೆಚ್ಚು ಕರೆಂಟ್ ಎಳೆಯುತ್ತದೆ. ಸುರುಳಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: ಕರೆಂಟ್ ಶೇ 30 ಹೆಚ್ಚಾದರೆ ಬಿಸಿ ಶೇ 69 ಹೆಚ್ಚು. ಹೊಲದ ಪಂಪ್‌ಸೆಟ್ ಸುಟ್ಟು ರೀವೈಂಡಿಂಗ್‌ಗೆ ಹೋಗುವುದು ಹೀಗೆ. ಇಲ್ಲಿ ಬಿಲ್ಲಿಗಿಂತ ದೊಡ್ಡ ಖರ್ಚು ಮೋಟರಿನದ್ದು. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್‌ಗಳಲ್ಲೂ ಹೆಚ್ಚಿನವು ಕರೆಂಟ್ ಏರಿಸಿಕೊಂಡು ವ್ಯಾಟ್ ಸಮವಾಗಿ ಇಟ್ಟುಕೊಳ್ಳುತ್ತವೆ. ಅವುಗಳ ಬಿಲ್ ಬಹುತೇಕ ಬದಲಾಗದು.

ಮೋಟರಿನಲ್ಲಿ ಇನ್ನೊಂದು ತೊಡಕಿದೆ. 230 ವೋಲ್ಟಿಗೆ 6 ಆಂಪಿಯರ್ ಎಳೆಯುವ ಪಂಪ್ 1380 ವ್ಯಾಟ್ ಬಳಸುತ್ತದೆ ಎನ್ನುವಂತಿಲ್ಲ. ಪವರ್ ಫ್ಯಾಕ್ಟರ್ 0.8 ಇದ್ದರೆ ನಿಜವಾದ ಬಳಕೆ 1104 ವ್ಯಾಟ್, ಮನೆಯ ಮೀಟರ್ ಎಣಿಸುವುದೂ ಅದನ್ನೇ. ಸರಳ ಗುಣಾಕಾರ ಹೀಟರ್, ಇಸ್ತ್ರಿಪೆಟ್ಟಿಗೆಯಂಥವಕ್ಕೆ ಮಾತ್ರ ಸರಿಹೊಂದುತ್ತದೆ. ಹಳೆಯ 100 ವ್ಯಾಟ್ ಬಲ್ಬೂ ಮೋಸ ಮಾಡುತ್ತದೆ. ಉರಿಯುವಾಗ ಅದರ ರೋಧ 529 ಓಮ್, ಆರಿಸಿ ಮಲ್ಟಿಮೀಟರಿನಲ್ಲಿ ಅಳೆದರೆ ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ತಣ್ಣಗಿದ್ದಾಗಿನ ಅಂಕಿ ಹಿಡಿದು ಲೆಕ್ಕ ಹಾಕಿದವರಿಗೆ ಬಲ್ಬ್ ಸಾವಿರಕ್ಕೂ ಹೆಚ್ಚು ವ್ಯಾಟಿನದೆಂದು ಉತ್ತರ ಬರುತ್ತದೆ!

ಬಿಲ್ಲಿನ ಗದ್ದಲದಲ್ಲಿ ಮರೆತುಹೋಗುವುದು ಪ್ಲಗ್. 1500 ವ್ಯಾಟ್ ಕಾಯಿಲ್ ಎಳೆಯುವುದು 6.5 ಆಂಪಿಯರ್, ಕೋಣೆಯ ಸಾದಾ ಸಾಕೆಟ್ ಇರುವುದು 6 ಆಂಪಿಯರ್‌ಗೆ. ಅದಕ್ಕೆ 16 ಆಂಪಿಯರ್‌ನ ದೊಡ್ಡ ಸಾಕೆಟ್ಟೇ ಬೇಕು. ಸಡಿಲವಾದ ಸಾಕೆಟ್ಟಿನಲ್ಲಿ ಕೇವಲ ಅರ್ಧ ಓಮ್ ರೋಧ ಸೇರಿಕೊಂಡರೂ 6.5 × 6.5 × 0.5, ಸುಮಾರು 21 ವ್ಯಾಟ್ ಶಾಖ ಆ ಸಣ್ಣ ಜಾಗದಲ್ಲೇ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ 25 ವ್ಯಾಟ್ ಸೋಲ್ಡರಿಂಗ್ ಐರನ್ ಸೀಸ ಕರಗಿಸುವುದು ಹೆಚ್ಚುಕಡಿಮೆ ಇಷ್ಟೇ ಶಾಖದಿಂದ. ಪ್ಲಗ್ ಪಿನ್ ಸುತ್ತ ಕಂದು ಬಣ್ಣ, ಸುಟ್ಟ ವಾಸನೆ ಕಂಡರೆ ಮೇನ್ ಬಂದ್ ಮಾಡಿಸಿ ಸಾಕೆಟ್ ಬದಲಿಸಬೇಕು. ಇಡೀ ಓಣಿಗೇ ವೋಲ್ಟೇಜ್ ಡಿಮ್ ಬರುತ್ತಿದ್ದರೆ ಅದು ಮನೆಯ ವೈರಿಂಗ್ ದೋಷವಲ್ಲ, 1912ಕ್ಕೆ ಕರೆ ಮಾಡಿ ಹೆಸ್ಕಾಂಗೆ ದೂರು ಕೊಡಬಹುದು.