ದಾನಿಗೂ ಲೆಕ್ಕವುಂಟು

2010ರ ಜನವರಿ 12ರ ಸಾಯಂಕಾಲ ಕೆರಿಬಿಯನ್ ಸಮುದ್ರದ ನಡುವಣ ಹೈಟಿ ದೇಶದಲ್ಲಿ ಭೂಮಿ ನಡುಗಿತು. ಕಂಪನದ ಪ್ರಮಾಣ 7.0. ಅದರ ಕೇಂದ್ರವು ರಾಜಧಾನಿ ಪೋರ್ಟ್-ಒ-ಪ್ರಿನ್ಸ್ ನಗರದಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿತ್ತು. ಅಧ್ಯಕ್ಷರ ಅರಮನೆ, ಪ್ರಧಾನ ಇಗರ್ಜಿ, ಶಾಲೆಗಳು, ಆಸ್ಪತ್ರೆಗಳು, ಬಡವರ ಮನೆಗಳು ಭೇದವಿಲ್ಲದೆ ನೆಲಕ್ಕುರುಳಿದವು. ಮಡಿದವರು ಮೂರು ಲಕ್ಷಕ್ಕೂ ಮಿಗಿಲೆಂದು ಅಲ್ಲಿನ ಸರ್ಕಾರ ಸಾರಿತು; ಅನ್ಯ ಅಂದಾಜುಗಳು ಅದಕ್ಕಿಂತ ಬಹಳ ಕಡಿಮೆ. ನೆಲೆ ಕಳೆದುಕೊಂಡವರು ಸುಮಾರು 15 ಲಕ್ಷ ಮಂದಿ.

ಈ ದುರಂತಕ್ಕೆ ಲೋಕವು ಎರಡು ಬಗೆಯಲ್ಲಿ ಓಗೊಟ್ಟಿತು. ನಾಲಗೆ ತೀರ್ಪು ಕೊಟ್ಟಿತು. ಕೈ ಹಣ ಕೊಟ್ಟಿತು. ಮೊದಲನೆಯದು ಕ್ರೌರ್ಯವೆಂದೂ ಎರಡನೆಯದು ಕಾರುಣ್ಯವೆಂದೂ ಎಲ್ಲರೂ ಒಪ್ಪುತ್ತಾರೆ. ಆದರೆ ನೊಂದವನಿಗೆ ಪ್ರಶ್ನಿಸುವ ಅಧಿಕಾರವಿಲ್ಲವೆಂಬ ಅಹಂಕಾರ ಎರಡರಲ್ಲಿಯೂ ಅಡಗಿರಬಹುದೆಂಬುದನ್ನು ಒಪ್ಪುವವರು ವಿರಳ.

ಭೂಕಂಪದ ಮರುದಿನವೇ ಅಮೆರಿಕದ ದೂರದರ್ಶನ ಧರ್ಮೋಪದೇಶಕ ಪ್ಯಾಟ್ ರಾಬರ್ಟ್‌ಸನ್, ಹೈಟಿಯ ಜನರು ಹಿಂದೆ ಸೈತಾನನೊಡನೆ ಒಪ್ಪಂದ ಮಾಡಿಕೊಂಡಿದ್ದರೆಂದು ಹೇಳಿದರು. ಆ ಜನರ ಪೂರ್ವಜರು ಮಾಡಿದ ‘ಅಪರಾಧ’ವಾದರೂ ಯಾವುದು? ಗುಲಾಮಗಿರಿಯ ಸರಪಳಿಯನ್ನು ಹರಿದೊಗೆದು 1804ರಲ್ಲಿ ಸ್ವತಂತ್ರರಾದದ್ದು! ಇಂತಹ ಮಾತು ಒಂದು ಮತಕ್ಕೆ ಸೀಮಿತವಲ್ಲ. 1934ರ ಬಿಹಾರ ಭೂಕಂಪವನ್ನು ಅಸ್ಪೃಶ್ಯತೆಯ ಪಾಪಕ್ಕೆ ದೈವ ವಿಧಿಸಿದ ಶಿಕ್ಷೆಯೆಂದು ಗಾಂಧೀಜಿಯವರೇ ಹೇಳಿದ್ದರು. ರವೀಂದ್ರನಾಥ ಠಾಕೂರರು ಅದನ್ನು ಬಹಿರಂಗವಾಗಿ ಖಂಡಿಸಿದರು. ಗಾಂಧೀಜಿಯವರ ಉದ್ದೇಶ ಶ್ರೇಷ್ಠವಾಗಿತ್ತು, ಯುಕ್ತಿ ದುರ್ಬಲವಾಗಿತ್ತು. ಅಸ್ಪೃಶ್ಯತೆಯನ್ನು ಆಚರಿಸಿದವನ ಮನೆಯ ಜೊತೆಗೆ ಅದಕ್ಕೆ ಬಲಿಯಾದವನ ಗುಡಿಸಲೂ ಉರುಳಿದ ಮೇಲೆ ಅದು ಯಾವ ನ್ಯಾಯ?

ಕರ್ಮಸಿದ್ಧಾಂತವನ್ನು ನಂಬುವವರಲ್ಲಿಯೂ ‘ಅವರವರ ಕರ್ಮ’ ಎಂದು ಕೈಕೊಡವುವವರು ಇಲ್ಲದಿಲ್ಲ. ಇದು ಸಿದ್ಧಾಂತದ ಅರಿವಲ್ಲ, ಅಪಚಾರ. ಕರ್ಮದ ವಿಚಾರ ಹುಟ್ಟಿದ್ದು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದಕ್ಕೆ. ಪರರ ಹೆಣದ ಮುಂದೆ ನಿಂತು ತೀರ್ಪು ಬರೆಯುವುದಕ್ಕಲ್ಲ. ಸಂಕಟದಲ್ಲಿರುವವನ ಕರ್ಮವನ್ನು ಎಣಿಸುವವನು, ಆ ಹೊತ್ತಿನಲ್ಲಿ ಅನುಕಂಪೆ ತೋರದ ತನ್ನ ಕರ್ಮವನ್ನು ಎಣಿಸಲು ಮರೆತಿರುತ್ತಾನೆ.

ಕಣ್ಣಿಗೆ ಕಾಣುವ ಕಾರಣಗಳನ್ನು ಬಿಟ್ಟು ಕಾಣದ ಕಾರಣಗಳನ್ನು ಹುಡುಕುವುದು ಸೋಮಾರಿತನವೂ ಹೌದು. ಹೈಟಿಯ ಕಂಪನವಾದ ಆರು ವಾರಗಳಲ್ಲಿ, ಫೆಬ್ರವರಿ 27ರಂದು, ಚಿಲಿ ದೇಶದಲ್ಲಿ 8.8 ಪ್ರಮಾಣದ ಕಂಪನವಾಯಿತು. ಹೊಮ್ಮಿದ ಶಕ್ತಿಯ ಲೆಕ್ಕದಲ್ಲಿ ಅದು ಹೈಟಿಯ ಕಂಪನದ ಸುಮಾರು 500 ಪಟ್ಟು. ಅಲ್ಲಿ ಮಡಿದವರಾದರೋ ಐದುನೂರರ ಆಸುಪಾಸು. ಹೈಟಿಯಲ್ಲಿ ಕಂಪನವು ರಾಜಧಾನಿಯ ಸಮೀಪದಲ್ಲಿ, ಹೆಚ್ಚು ಆಳವಿಲ್ಲದೆ ಸಂಭವಿಸಿತೆಂಬುದು ನಿಜ. ಆದರೆ ಚಿಲಿಯಲ್ಲಿ ಕಟ್ಟಡಗಳನ್ನು ಕಂಪನ ತಾಳುವಂತೆ ಕಟ್ಟಬೇಕೆಂಬ ನಿಯಮವಿತ್ತು, ಅದನ್ನು ಪಾಲಿಸುವ ಶಕ್ತಿಯೂ ಇತ್ತು. ಹೈಟಿಗೆ ಆ ಶಕ್ತಿ ಏಕಿರಲಿಲ್ಲ? 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ನಿಲ್ಲಿಸಿ, ಸ್ವಾತಂತ್ರ್ಯಕ್ಕೆ ಮನ್ನಣೆ ಬೇಕಾದರೆ 15 ಕೋಟಿ ಫ್ರಾಂಕ್ ತೆರಬೇಕೆಂದಿತು. 1838ರಲ್ಲಿ ಅದು 9 ಕೋಟಿಗಿಳಿಯಿತು. ಬಿಡುಗಡೆ ಪಡೆದ ಗುಲಾಮರ ಮಕ್ಕಳು ಹಳೆಯ ಒಡೆಯರಿಗೆ ಪರಿಹಾರ ಕೊಟ್ಟರು! ಅದಕ್ಕಾಗಿ ಮಾಡಿದ ಸಾಲದ ಶೇಷ ತೀರಿದ್ದು 1947ರಲ್ಲಿ. 1990ರ ದಶಕದಲ್ಲಿ ಅಕ್ಕಿಯ ಆಮದು ಸುಂಕವನ್ನು ಶೇಕಡಾ 3ಕ್ಕೆ ಇಳಿಸುವಂತಾಗಿ, ಅಮೆರಿಕದ ಅಗ್ಗದ ಅಕ್ಕಿ ನುಗ್ಗಿ, ಹೈಟಿಯ ರೈತ ನೆಲ ಬಿಟ್ಟು ನಗರ ಸೇರಿದ. ಆ ನೀತಿ ತಪ್ಪಾಗಿತ್ತೆಂದು ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ 2010ರ ಮಾರ್ಚಿಯಲ್ಲಿ ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡರು. ಕುಸಿದ ಗೋಡೆಗಳ ಹಿಂದೆ ಸೈತಾನನಿರಲಿಲ್ಲ; ಇನ್ನೂರು ವರ್ಷಗಳ ಖಾತೆ ಕಿರ್ದಿಗಳಿದ್ದವು.

ಇನ್ನು ಕೊಟ್ಟ ಕೈಯ ವಿಚಾರ. ಸಾಮಾನ್ಯ ಜನರ ಔದಾರ್ಯದಲ್ಲಿ ಕೊರತೆಯಿರಲಿಲ್ಲ. ಮೊಬೈಲ್ ಫೋನಿನ ಸಂದೇಶದ ಮೂಲಕ ತಲಾ 10 ಡಾಲರ್ ಕೊಟ್ಟವರು ಲಕ್ಷಗಟ್ಟಲೆ. ಮಾರ್ಚ್ 31ರಂದು ನ್ಯೂಯಾರ್ಕಿನಲ್ಲಿ ಸೇರಿದ ರಾಷ್ಟ್ರಗಳು ಮುಂದಿನ 18 ತಿಂಗಳಿಗೆ 500 ಕೋಟಿ ಡಾಲರಿಗೂ ಹೆಚ್ಚು ನೆರವಿನ ವಾಗ್ದಾನ ಮಾಡಿದವು. ಆದರೆ ತುರ್ತು ಪರಿಹಾರದ ಹಣ ಹರಿದ ದಾರಿಯನ್ನು ವಿಶ್ವಸಂಸ್ಥೆಯ ವಿಶೇಷ ದೂತರ ಕಚೇರಿಯೇ 2011ರಲ್ಲಿ ಲೆಕ್ಕಹಾಕಿದಾಗ ತಿಳಿದದ್ದೇನು? ಮೂರರಲ್ಲೊಂದು ಭಾಗ ಕೊಟ್ಟ ರಾಷ್ಟ್ರಗಳ ಸ್ವಂತ ಸೇನೆ ಮತ್ತು ಇಲಾಖೆಗಳಿಗೇ ಹೋಗಿತ್ತು. ಹೈಟಿಯ ಸರ್ಕಾರದ ಕೈಸೇರಿದ್ದು ಶೇಕಡಾ 1. ಅಮೆರಿಕನ್ ರೆಡ್ ಕ್ರಾಸ್ ಸುಮಾರು 49 ಕೋಟಿ ಡಾಲರ್ ಸಂಗ್ರಹಿಸಿತು. ಅದು ಕಟ್ಟಿಸಿದ ಶಾಶ್ವತ ಮನೆಗಳು ಕೇವಲ 6 ಎಂದು 2015ರಲ್ಲಿ ಪತ್ರಕರ್ತರ ತನಿಖೆ ತಿಳಿಸಿತು. ತಾತ್ಕಾಲಿಕ ವಸತಿ, ದುರಸ್ತಿ, ಬಾಡಿಗೆ ನೆರವುಗಳಿಂದ ಲಕ್ಷಕ್ಕೂ ಮಿಕ್ಕ ಜನರಿಗೆ ಸೂರು ದೊರೆಯಿತೆಂದು ಸಂಸ್ಥೆ ಉತ್ತರಿಸಿತು. ಆ ಉತ್ತರ ಇರಲಿ. ಅದನ್ನು ಪಡೆಯಲು ತನಿಖೆಯೇ ಬೇಕಾಯಿತೇಕೆ?

ಹಣದ ಲೆಕ್ಕಕ್ಕಿಂತ ಘೋರವಾದದ್ದು ಪ್ರಾಣದ ಲೆಕ್ಕ. ಹೈಟಿಯಲ್ಲಿ ಒಂದು ಶತಮಾನಕ್ಕೂ ಮಿಗಿಲು ಕಾಲದಿಂದ ಕಾಲರಾ ಕಂಡಿರಲಿಲ್ಲ. 2010ರ ಅಕ್ಟೋಬರಿನಲ್ಲಿ ಅದು ಕಾಣಿಸಿಕೊಂಡಿತು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ 2004ರಿಂದಲೇ ಅಲ್ಲಿತ್ತು. ಭೂಕಂಪದ ಬಳಿಕ ಅದನ್ನು ಹಿಗ್ಗಿಸಲಾಗಿತ್ತು. ಮಿರೆಬಲೆ ಪಟ್ಟಣದ ಬಳಿಯ ಅದರ ಶಿಬಿರಕ್ಕೆ ನೇಪಾಳದಿಂದ ಬಂದ ತುಕಡಿಯೊಂದಿಗೆ ರೋಗಾಣು ಬಂತು. ಶಿಬಿರದ ಮಲಿನ ಹಳ್ಳಕ್ಕೆ ಸೇರಿ, ಹಳ್ಳದ ನೀರು ಆರ್ತಿಬೊನಿತ್ ನದಿಗೆ ಸೇರಿತು. ಆ ನದಿಯ ನೀರನ್ನೇ ಕುಡಿಯುವ ಜನರಲ್ಲಿ ರೋಗ ಹರಡಿ, ವರ್ಷಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿ, 8 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಪೀಡಿಸಿ, ಸುಮಾರು 10,000 ಮಂದಿಯನ್ನು ಬಲಿ ತೆಗೆದುಕೊಂಡಿತು.

ಯಾರೂ ಕೊಲ್ಲಬೇಕೆಂದು ಕೊಲ್ಲಲಿಲ್ಲ. ಆದರೆ ಜೈನ ನೀತಿಶಾಸ್ತ್ರವು ಹಿಂಸೆಯ ಬೇರನ್ನು ದ್ವೇಷದಲ್ಲಿ ಮಾತ್ರವಲ್ಲ, ಪ್ರಮಾದದಲ್ಲಿಯೂ ಕಂಡಿದೆ. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಕಡೆಯದು ಉತ್ಸರ್ಗ ಸಮಿತಿ: ದೇಹದ ಮಲವನ್ನು ಯಾವ ಜೀವಿಗೂ ಬಾಧೆಯಾಗದ ಎಡೆಯಲ್ಲಿ, ನೋಡಿ, ಎಚ್ಚರದಿಂದ ವಿಸರ್ಜಿಸಬೇಕೆಂಬ ನಿಯಮ. ಇಷ್ಟು ಸಣ್ಣ ವಿಷಯಕ್ಕೂ ನಿಯಮವೇ ಎಂದು ನಗುವವರುಂಟು. ಆರ್ತಿಬೊನಿತ್ ನದಿಯ ದಡದ ಸಮಾಧಿಗಳು ಅವರಿಗೆ ಉತ್ತರ. ನೀರನ್ನು ಸೋಸದೆ ಕುಡಿಯದ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಮಾದಕ್ಕಿಂತಲೂ ದೊಡ್ಡ ದೋಷ ಅದರ ಅನಂತರ ನಡೆಯಿತು. ನೊಂದವರು ಪರಿಹಾರ ಕೇಳಿದಾಗ, 2013ರಲ್ಲಿ ವಿಶ್ವಸಂಸ್ಥೆ ತನಗೆ ಕಾನೂನಿನ ರಕ್ಷಣೆಯಿದೆಯೆಂದು ಆ ಬೇಡಿಕೆಯನ್ನು ಸ್ವೀಕರಿಸಲೇ ಇಲ್ಲ. ಅಮೆರಿಕದ ನ್ಯಾಯಾಲಯಗಳೂ ಆ ರಕ್ಷಣೆಯನ್ನು ಎತ್ತಿಹಿಡಿದವು. 2016ರ ಡಿಸೆಂಬರಿನಲ್ಲಿ, ಆರು ವರ್ಷಗಳು ಕಳೆದ ಮೇಲೆ, ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ಹೈಟಿಯ ಜನರ ಕ್ಷಮೆ ಕೇಳಿದರು. 40 ಕೋಟಿ ಡಾಲರಿನ ಯೋಜನೆಯನ್ನು ಮುಂದಿಟ್ಟರು. ಸದಸ್ಯ ರಾಷ್ಟ್ರಗಳಿಂದ ಬಂದದ್ದು ಅದರ ಅಲ್ಪಾಂಶ. ಕ್ಷಮೆ ಕೇಳಿದ್ದು ಮೆಚ್ಚತಕ್ಕದ್ದೇ. ಆದರೆ ಪ್ರಾಯಶ್ಚಿತ್ತವಿಲ್ಲದ ಕ್ಷಮೆ ಅರ್ಧ ಕ್ಷಮೆ.

ನೆರವಿಗೆ ಬಂದವರನ್ನು ಹೊಣೆ ಮಾಡಿದರೆ ನಾಳೆ ಯಾರು ಬರುತ್ತಾರೆಂದು ಕೇಳುವವರಿದ್ದಾರೆ. ಆ ಭೂಕಂಪದಲ್ಲಿ ವಿಶ್ವಸಂಸ್ಥೆಯ ಕಾರ್ಯಾಲಯವೂ ಕುಸಿದು, ಅದರ ನೂರಕ್ಕೂ ಹೆಚ್ಚು ಸಿಬ್ಬಂದಿ ಮಡಿದರೆಂಬುದನ್ನು ಮರೆಯಲಾಗದು. ಅವರ ತ್ಯಾಗ ವಂದನೀಯ. ಆದರೆ ಒಬ್ಬರ ತ್ಯಾಗವು ಇನ್ನೊಬ್ಬರ ಅಲಕ್ಷ್ಯಕ್ಕೆ ಮರೆಯಾಗಬಾರದು. ಉಚಿತವಾಗಿ ಚಿಕಿತ್ಸೆ ಮಾಡುವ ವೈದ್ಯನು ಕೈ ತೊಳೆಯದೆ ಶಸ್ತ್ರ ಹಿಡಿಯಬಹುದೆ? ಹಣ ಪಡೆಯಲಿಲ್ಲವೆಂಬುದು ರೋಗಿಯ ಸಾವಿಗೆ ಸಮಾಧಾನವಾದೀತೆ? ಅಪಾಯದಲ್ಲಿರುವವನು ನೆರವನ್ನು ನಿರಾಕರಿಸುವ ಸ್ಥಿತಿಯಲ್ಲಿರುವುದಿಲ್ಲ. ಆದ್ದರಿಂದಲೇ ನೆರವು ನೀಡುವವನ ಹೊಣೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಶಾಸ್ತ್ರಕಾರರು ದಾತೃವಿನ ಗುಣಗಳಲ್ಲಿ ಶ್ರದ್ಧೆ, ಅಲೋಭ, ಕ್ಷಮೆಗಳ ಜೊತೆಗೆ ವಿಜ್ಞಾನವನ್ನೂ ಹೇಳಿದರು. ಏನು, ಯಾರಿಗೆ, ಯಾವಾಗ, ಹೇಗೆ ಎಂದು ತಿಳಿದು ಕೊಡುವುದೇ ಆ ಗುಣ. ಅರಿವಿಲ್ಲದೆ ಕೊಟ್ಟು ಮರೆಯುವವನು ದಾನ ಮಾಡುವುದಿಲ್ಲ. ತನ್ನ ಮನಸ್ಸಿನ ಭಾರವನ್ನು ಇಳಿಸಿಕೊಳ್ಳುತ್ತಾನೆ, ಅಷ್ಟೆ. ಚತುರ್ವಿಧ ದಾನಗಳಲ್ಲಿ ಅಭಯವೂ ಒಂದು. ಆಹಾರ, ಔಷಧಗಳನ್ನು ಕೊಟ್ಟು ಕುಡಿಯುವ ನೀರಿಗೆ ಭಯವನ್ನು ಬೆರೆಸಿದರೆ ಯಾವ ದಾನ ಉಳಿಯಿತು?

ಇದರಿಂದ ಯಾರೂ ಕೈ ಹಿಂತೆಗೆಯಬೇಕಾಗಿಲ್ಲ. ನಾಳೆ ಎಲ್ಲಿಯೋ ಭೂಮಿ ನಡುಗಿದಾಗ ಶ್ರಾವಕನು ಕೊಡಲಿ, ಧಾರಾಳವಾಗಿ ಕೊಡಲಿ. ಕೊಟ್ಟ ಮೇಲೆ ಒಂದು ವರ್ಷ ಕಳೆದು ಮರಳಿ ಕೇಳಲಿ: ಹಣ ಯಾರ ಕೈಸೇರಿತು? ಆ ಊರಿನವರ ಮಾತನ್ನು ಕೇಳಿದವರು ಯಾರು? ಶಿಬಿರದ ಕೊಳಚೆ ಎಲ್ಲಿಗೆ ಹರಿಯಿತು? ದಾನಿಯು ಈ ಪ್ರಶ್ನೆಗಳನ್ನು ಕೇಳದಿದ್ದರೆ, ಕೇಳುವ ದನಿ ನೊಂದವನಿಗೆ ಮಾತ್ರ ಉಳಿಯುತ್ತದೆ. ಆ ದನಿಗೆ ಕಿವಿಗೊಡುವವರಿಗಾಗಿ ಹೈಟಿ ಆರು ವರ್ಷ ಕಾಯಬೇಕಾಯಿತು.