ಕರಿಕೋಟಿನ ಹುಡುಗಿಯರಿಗೆ, ಸಂಘದ ಅಕ್ಕಂದಿರಿಗೆ

ಕಾನೂನು ಓದಿ ಮುಗಿಸಿದ ಹುಡುಗಿಯರು ಬಂದು, "ಮೇಡಂ, ಯಾವ ಕೇಸು ಹಿಡಿದರೆ ಪ್ರಾಕ್ಟೀಸು ಬೇಗ ಕುದುರುತ್ತದೆ?" ಎಂದು ಕೇಳುತ್ತಾರೆ. ಜಮೀನಿನ ವ್ಯಾಜ್ಯ ಹಿಡಿ, ಗಂಡ ಹೆಂಡಿರ ಜಗಳದಲ್ಲಿ ಫೀಸೂ ಇಲ್ಲ, ಹೆಸರೂ ಇಲ್ಲ ಎಂಬುದು ಹಿರಿಯ ವಕೀಲರ ಬುದ್ಧಿಮಾತು. ನನಗೂ ಹಾಗೇ ಹೇಳಿದ್ದರು. ನಾನು ಒಪ್ಪುವುದಿಲ್ಲ. ಈ ಕೇಸುಗಳೇ ವಕೀಲಿಕೆಯನ್ನು ಕಲಿಸುತ್ತವೆ. ನನಗೆ ಕಲಿಸಿದ್ದು ನಾನೇ ಮಾಡಿದ ತಪ್ಪು.

ವೃತ್ತಿಗೆ ಬಂದ ಹೊಸತು. ಗಂಡನ ಮನೆಯಿಂದ ಹೊರದಬ್ಬಿಸಿಕೊಂಡ ಒಬ್ಬಾಕೆ ಕೂಸನ್ನೆತ್ತಿಕೊಂಡು ಬಂದಳು. ಹತ್ತು ನಿಮಿಷ ಕೇಳಿದೆ. ಕೇಸು ಬಲವಾಗಲೆಂದು, ಪರ ಊರಿನಲ್ಲಿದ್ದ ನಾದಿನಿಯೂ ಹೊಡೆದಳೆಂದು ನಾನೇ ಸೇರಿಸಿ ದೂರು ಬರೆದೆ. ಪಾಟೀ ಸವಾಲಿನಲ್ಲಿ ಎದುರು ವಕೀಲರು, "ನಾದಿನಿ ಅಂದು ಎಲ್ಲಿದ್ದಳು?" ಎಂದರು. "ಅವಳು ಇರಲಿಲ್ಲ ಸ್ವಾಮಿ" ಎಂದಳು ಆಕೆ. ಆ ಒಂದು ಸುಳ್ಳಿನ ಜೊತೆ ಗಂಡ ಹೊಡೆದ ನಿಜವೂ ಬಿದ್ದುಹೋಯಿತು. ಸುಳ್ಳು ಅವಳದಲ್ಲ, ನನ್ನದು. ಸೋತವಳು ಮಾತ್ರ ಅವಳು.

ಅಂದಿನಿಂದ ಕಿರಿಯರಿಗೆ ಹೇಳುವುದಿಷ್ಟು. ಇಂದು ರಾತ್ರಿ ಮಲಗಲು ಜಾಗವಿದೆಯೇ ಎಂದು ಮೊದಲು ಕೇಳಿ. ಆಮೇಲೆ ಪೂರ್ತಿ ಕಥೆ ಕೇಳಿ. ಯಾರು, ಎಂದು, ಯಾವುದರಿಂದ ಹೊಡೆದರು, ಯಾರು ಕಂಡರು ಎಂಬುದನ್ನು ಅವಳ ಮಾತಿನಲ್ಲೇ ಬರೆದು ಓದಿ ಹೇಳಿ. ಆಸ್ಪತ್ರೆ ಚೀಟಿ, ಮದುವೆ ಫೋಟೋ, ಚಿನ್ನದಂಗಡಿ ರಸೀದಿ, ಪಾತ್ರೆ ಪಡಗದ ಪಟ್ಟಿ ಸೇರಿಸಿ. "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎನ್ನಲು ಊರಲ್ಲಿ ನೂರು ಜನರಿದ್ದಾರೆ, ಅದಕ್ಕೆ ವಕೀಲರು ಬೇಡ.

ಕಾನೂನು ಬದಲಾದುದನ್ನೂ ತಿಳಿದಿರಬೇಕು. ಎಲ್ಲರ ಬಾಯಲ್ಲಿರುವ 498ಎ, 2024ರ ಜುಲೈ 1ರಿಂದ ನಡೆದ ಅಪರಾಧಗಳಿಗೆ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ, ವಿಚ್ಛೇದನ ಕೇಳದೆಯೇ, ಮನೆ ತನ್ನ ಹೆಸರಲ್ಲಿಲ್ಲದಿದ್ದರೂ, ಅಲ್ಲಿ ವಾಸಿಸುವ ಹಕ್ಕು ಕೇಳಬಹುದು. ಅರ್ಜಿಯನ್ನು 60 ದಿನಗಳಲ್ಲಿ ಮುಗಿಸಲು ನ್ಯಾಯಾಲಯ ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಯಿದೆಗಳು ಅದನ್ನು ಎಳೆಯುತ್ತವೆ. ಅದಕ್ಕೇ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಬೇಕು.

ಈಗ ಅಕ್ಕಂದಿರೇ, ನಿಮ್ಮ ಸರದಿ. ಒಳ್ಳೆಯ ವಕೀಲರನ್ನು ತಯಾರು ಮಾಡುವವರು ಕಾಲೇಜಿನವರಷ್ಟೇ ಅಲ್ಲ, ಪ್ರಶ್ನೆ ಕೇಳುವ ನೀವೂ ಹೌದು. ಖಾಲಿ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಹಾಕಬೇಡಿ. ಫೀಸು ಎಷ್ಟೆಂದು ಮೊದಲೇ ಕೇಳಿ, ರಸೀದಿ ಪಡೆಯಿರಿ. ಬರುವ ಜೀವನಾಂಶದಲ್ಲಿ ಪಾಲು ಕೊಡಬೇಕೆಂದು ಕರಾರು ಮಾಡುವುದು ವಕೀಲರ ನಿಯಮಕ್ಕೇ ವಿರುದ್ಧ. ಫೀಸು ಬಾಕಿಯೆಂದು ನಿಮ್ಮ ಕಾಗದಪತ್ರ ಹಿಡಿದಿಟ್ಟುಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟು 2000ರಲ್ಲೇ ಹೇಳಿದೆ. ಹಣವಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವುಂಟು. ತಾಲ್ಲೂಕು ಕೋರ್ಟಿನ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಿ. ಒಬ್ಬಳೇ ಹೋಗಬೇಡಿ, ಸಂಘದವರು ಇಬ್ಬರು ಜೊತೆಗಿರಲಿ.

ಹುಡುಗಿಯರ ಪ್ರಶ್ನೆಗೆ ಉತ್ತರ ಬಾಕಿಯಿದೆ. ಜೀವನಾಂಶ ಪಡೆದವಳು ಮುಂದೆ ತವರಿನ ಜಮೀನಿನ ಪಾಲು ಕೇಳಲು ನನ್ನ ಬಳಿಯೇ ಬಂದಳು, ತಂಗಿಯನ್ನೂ ಕರೆತಂದಳು. ನನ್ನ ಪ್ರಾಕ್ಟೀಸು ಕುದುರಿದ್ದು ಹೀಗೆ.